ಆ ಕಾಲ ಯಾರಿಗೆ ಚೆನ್ನಾಗಿತ್ತು?



ಮದುವೆ ಮನೆಯಲ್ಲಿ ಊಟ ಮುಗಿಸಿ, ಎಲೆಅಡಿಕೆ ಹಾಕಿಕೊಂಡು ನಾಲ್ಕು ಜನ ಹಿರಿಯರು ಕುಳಿತರೆ ಒಂದು ಮಾತು ಬಂದೇ ಬರುತ್ತದೆ. ‘ಆ ಕಾಲವೇ ಬೇರೆ ಬಿಡಿ.’ ಆಗ ಮಳೆ ಹೊತ್ತುಹೊತ್ತಿಗೆ ಬರುತ್ತಿತ್ತು, ಹಾಲಿಗೆ ನೀರು ಬೆರೆಸುವವರಿರಲಿಲ್ಲ, ಆಡಿದ ಮಾತಿಗೆ ಬೆಲೆ ಇತ್ತು, ಮನೆಗೆ ಬೀಗ ಹಾಕುವ ರೂಢಿಯೇ ಇರಲಿಲ್ಲ. ಒಬ್ಬರು ಹೇಳುತ್ತಾರೆ, ಉಳಿದವರು ತಲೆದೂಗುತ್ತಾರೆ. ನನಗೂ ಆ ಮಾತು ಕೇಳಲು ಹಿತವಾಗಿಯೇ ಇರುತ್ತದೆ. ಅದರಲ್ಲಿ ತೀರಿಹೋದ ತಾಯಿತಂದೆಯರ ನೆನಪಿದೆ, ಬಿಟ್ಟುಬಂದ ಊರಿನ ಹಂಬಲವಿದೆ. ಅಂಥ ಹಂಬಲವನ್ನು ಯಾರೂ ಹಗುರವಾಗಿ ಕಾಣಬಾರದು. ಆದರೆ ಅದೇ ಹಂಬಲ ಒಂದು ತೀರ್ಪಿನ ಧಾಟಿ ಹಿಡಿದು, ಅಂದೆಲ್ಲ ಚೆನ್ನಾಗಿತ್ತು, ಇಂದೆಲ್ಲ ಕೆಟ್ಟುಹೋಯಿತು ಎನ್ನತೊಡಗಿದಾಗ ನನ್ನ ಮನಸ್ಸಿನಲ್ಲಿ ಒಂದು ಪ್ರಶ್ನೆ ಏಳುತ್ತದೆ. ಚೆನ್ನಾಗಿತ್ತು ಸರಿ, ಯಾರಿಗೆ?

ಹಿಂದಿನದೇ ಮೇಲು ಎಂಬ ನಂಬಿಕೆ ನಮ್ಮಲ್ಲಿ ಬಹಳ ಹಳೆಯದು. ಕೃತಯುಗದಲ್ಲಿ ಧರ್ಮ ನಾಲ್ಕು ಕಾಲಿನ ಮೇಲೆ ನಿಂತಿತ್ತು, ಕಲಿಯುಗದಲ್ಲಿ ಒಂದೇ ಕಾಲಿನ ಮೇಲೆ ನಿಂತಿದೆ ಎಂದು ಕೇಳುತ್ತಲೇ ಬೆಳೆದವರು ನಾವು. ಆದರೆ ಅದೇ ಹಳೆಯ ಕಾಲ ತನ್ನ ಬಗ್ಗೆ ತಾನೇ ಕಲ್ಲಿನಲ್ಲಿ ಬರೆದಿಟ್ಟದ್ದೂ ಇದೆಯಲ್ಲ. ಕನ್ನಡನಾಡಿನ ಸಾವಿರಾರು ಊರುಗಳಲ್ಲಿ, ಕೆರೆ ಏರಿಯ ಮೇಲೋ ಗುಡಿಯ ಮಗ್ಗುಲಲ್ಲೋ ವೀರಗಲ್ಲುಗಳು ನಿಂತಿವೆ. ಅವನ್ನು ಓದಿದ ವಿದ್ವಾಂಸರು ಹೇಳುವ ಕಥೆ ಹೆಚ್ಚುಕಡಿಮೆ ಒಂದೇ: ದನಗಳನ್ನು ಹೊಡೆದುಕೊಂಡು ಹೋದವರನ್ನು ಅಟ್ಟಿಸಿಕೊಂಡು ಹೋಗಿ ಸತ್ತವನು, ಊರಿನ ಮೇಲೆ ದಾಳಿಯಾದಾಗ ಕಾದು ಸತ್ತವನು, ಹೆಂಗಸರ ಮೈಮೇಲೆ ಕೈಮಾಡಲು ಬಂದವರನ್ನು ತಡೆದು ಸತ್ತವನು. ತುರುಗೋಳು, ಊರಳಿವು, ಪೆಣ್ಬುಯ್ಯಲು ಎಂದು ಆ ಕಾದಾಟಗಳಿಗೆ ಬೇರೆಬೇರೆ ಹೆಸರೇ ಇದ್ದವು. ಬೀಗ ಹಾಕದೆ ಮಲಗಿದ ಊರುಗಳು ಇದ್ದಿರಬಹುದು. ಬೆಳಗಾಗುವುದರೊಳಗೆ ದನಕರು ಕಳೆದುಕೊಂಡ ಊರುಗಳಂತೂ ಇದ್ದವು, ಅದಕ್ಕೆ ಕಲ್ಲಿನ ಸಾಕ್ಷಿ ಇದೆ.

ನಮ್ಮ ನೆನಪಿನ ಗುಣವನ್ನೂ ಇಲ್ಲಿ ಸ್ವಲ್ಪ ನೋಡಬೇಕು. ಮನಶ್ಶಾಸ್ತ್ರದವರು ನೆನಪಿನ ಬಗ್ಗೆ ಬಹಳ ಕೆಲಸ ಮಾಡಿದ್ದಾರೆ. ವಯಸ್ಸಾದವರನ್ನು ಮಾತಾಡಿಸಿದರೆ ಹತ್ತರಿಂದ ಮೂವತ್ತರ ಪ್ರಾಯದ ಸಂಗತಿಗಳೇ ಹೆಚ್ಚಾಗಿ, ಹೆಚ್ಚು ಬಣ್ಣದಲ್ಲಿ ಹೊರಬರುತ್ತವೆ ಎಂಬುದು ಅವರು ಮತ್ತೆಮತ್ತೆ ಕಂಡುಕೊಂಡ ಸಂಗತಿ. ಇನ್ನೊಂದು, ಕಹಿ ಘಟನೆ ನೆನಪಿನಲ್ಲಿ ಉಳಿದರೂ ಅದರ ಕಹಿ ಬೇಗ ತಗ್ಗುತ್ತದೆ. ಸಿಹಿಯದರ ಸಿಹಿ ಅಷ್ಟು ಬೇಗ ತಗ್ಗುವುದಿಲ್ಲ. ಬದುಕಿಗೆ ಇದು ದೊಡ್ಡ ಉಪಕಾರ. ಹೆರಿಗೆ ನೋವು ಹಾಗೆಯೇ ಹಸಿಯಾಗಿ ಉಳಿದಿದ್ದರೆ ಎರಡನೆಯ ಮಗು ಯಾವ ಮನೆಯಲ್ಲೂ ಹುಟ್ಟುತ್ತಿರಲಿಲ್ಲವೇನೋ. ಹೀಗಾಗಿ ಎಪ್ಪತ್ತರ ಹಿರಿಯರೊಬ್ಬರು ‘ನಮ್ಮ ಕಾಲದ ಹಾಡಿನಂಥ ಹಾಡು ಇವತ್ತಿಲ್ಲ’ ಎಂದರೆ, ಆ ಹಾಡನ್ನು ಮೊದಲು ಕೇಳಿದಾಗ ಅವರಿಗೆ ಇಪ್ಪತ್ತಾಗಿತ್ತು ಎಂಬುದನ್ನೂ ಸೇರಿಸಿ ಕೇಳಿಸಿಕೊಳ್ಳಬೇಕು. ಆ ಹಾಡು ನಿಜವಾಗಿಯೂ ಚೆನ್ನಾಗಿರಬಹುದು. ಆ ಇಪ್ಪತ್ತು ಮಾತ್ರ ಇನ್ನೂ ಚೆನ್ನಾಗಿತ್ತು.

ಈಗ ನನಗೆ ಚೆನ್ನಾಗಿ ಗೊತ್ತಿರುವ ಒಂದು ವಸ್ತುವನ್ನು ನಿಮ್ಮ ಮುಂದಿಡುತ್ತೇನೆ. ಬೀಸುವ ಕಲ್ಲು. ಇವತ್ತು ಹೆದ್ದಾರಿ ಪಕ್ಕದ ಹೋಟೆಲುಗಳ ಮುಂದೆ, ರೆಸಾರ್ಟುಗಳ ಅಂಗಳದಲ್ಲಿ ಅದನ್ನು ಇಟ್ಟಿರುತ್ತಾರೆ, ಸುತ್ತ ಹೂವಿನ ಕುಂಡಗಳು. ಮಕ್ಕಳು ಅದರ ಪಕ್ಕ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ನಮ್ಮ ತುಮಕೂರು ಸೀಮೆಯ ಮನೆಯಲ್ಲಿ ಅದು ನಡುಮನೆಯ ಮೂಲೆಯಲ್ಲಿತ್ತು. ಕೆಳಗಿನ ಕಲ್ಲು ಕದಲದು. ಮೇಲಿನ ಕಲ್ಲಿಗೆ ಮರದ ಗೂಟ, ನಡುವೆ ರಾಗಿ ಹಾಕುವ ಬಾಯಿ. ಎಡಗೈಯಲ್ಲಿ ಹಿಡಿಹಿಡಿ ರಾಗಿ ಹಾಕುತ್ತ ಬಲಗೈಯಲ್ಲಿ ಗೂಟ ಹಿಡಿದು ತಿರುಗಿಸಬೇಕು. ಹಿಟ್ಟು ಸುತ್ತಲೂ ಉದುರುತ್ತದೆ, ಕೆಳಗೆ ಹಾಸಿದ ಬಟ್ಟೆಯಿಂದ ಅದನ್ನು ಬಳಿದುಕೊಳ್ಳಬೇಕು. ಕಲ್ಲು ಸವೆದು ನುಣುಪಾದರೆ ರಾಗಿ ನುರಿಯುವುದಿಲ್ಲ. ಕಲ್ಲುಕುಟಿಗರು ಬಂದು ಉಳಿಯಿಂದ ಕಚ್ಚು ಮಾಡಿಕೊಡುವವರೆಗೆ ರಟ್ಟೆಗೆ ಎರಡರಷ್ಟು ಕೆಲಸ. ದೊಡ್ಡ ಸಂಸಾರ, ಎರಡು ಹೊತ್ತೂ ಮುದ್ದೆ, ಹೊಲದ ಆಳುಗಳಿಗೂ ಇಲ್ಲಿಂದಲೇ ಬುತ್ತಿ. ಅಷ್ಟು ಹಿಟ್ಟು ಬೆಳಕು ಹರಿಯುವುದರೊಳಗೆ ಆಗಬೇಕು. ಹಾಗಾಗಿ ಕೋಳಿ ಕೂಗುವ ಮೊದಲೇ ಸೊಸೆಯಂದಿರು ಎದುರುಬದುರು ಕುಳಿತು ಕಲ್ಲು ಎಳೆಯಬೇಕು. ಬಸುರಿಯಾದರೂ ಸರಿ, ಮೈ ಕಾದಿದ್ದರೂ ಸರಿ.

ಆ ಕಲ್ಲಿನ ಮುಂದೆ ಹುಟ್ಟಿದ ಹಾಡುಗಳಿವೆಯಲ್ಲ, ಅವು ಕನ್ನಡದ ನಿಜವಾದ ಸಂಪತ್ತು. ಹಲಸಂಗಿಯ ಗೆಳೆಯರ ಬಳಗದವರು ಹಳ್ಳಿಯ ಹೆಂಗಸರ ಬಾಯಿಂದ ತ್ರಿಪದಿಗಳನ್ನು ಬರೆದುಕೊಂಡು ‘ಗರತಿಯ ಹಾಡು’ ಎಂದು 1931ರಲ್ಲಿ ಪುಸ್ತಕ ಮಾಡಿದರು. ಓದಿದರೆ ಇವತ್ತಿಗೂ ಎದೆ ತುಂಬಿ ಬರುತ್ತದೆ. ಆದರೆ ಆ ಬಗೆಯ ಹಾಡುಗಳಲ್ಲಿ ಏನಿದೆ ಎಂದು ನಿಧಾನವಾಗಿ ನೋಡಿ. ತವರಿನ ಹಂಬಲ, ಅಣ್ಣ ಕರೆಯಲು ಬರಲಿಲ್ಲವೆಂಬ ಸಂಕಟ, ಹಡೆದವ್ವನ ನೆನಪು, ತೊಟ್ಟಿಲ ಕೂಸಿಗೆ ಆಯುಷ್ಯ ಕೊಡು ಎಂಬ ಮೊರೆ. ತ್ರಾಣ ಕೊಡು ಎಂದು ಕಲ್ಲನ್ನೇ ಬೇಡಿಕೊಳ್ಳುವುದೂ ಇದೆ. ಹಗಲಲ್ಲಿ ಬಾಯಿಬಿಟ್ಟು ಹೇಳಲಾಗದ್ದನ್ನು ಆ ಹೆಂಗಸರು ನಸುಕಿನಲ್ಲಿ, ಕಲ್ಲಿನ ಸದ್ದಿನ ಮರೆಯಲ್ಲಿ ಹೇಳಿಕೊಂಡರು. ಹಾಡು ಹೋಯಿತಲ್ಲ ಎಂದು ನಾನೂ ಮರುಗುತ್ತೇನೆ. ಆ ಹಾಡನ್ನು ಹೊರಡಿಸಿದ ದುಡಿತ ಹೋದದ್ದಕ್ಕೆ ಮರುಗಲಾರೆ.

ಒಮ್ಮೆ ನಮ್ಮಜ್ಜಿಯ ಹತ್ತಿರ ಈ ಮಾತು ತೆಗೆದೆ. ಕಲ್ಲಿನಲ್ಲಿ ಬೀಸಿದ ಹಿಟ್ಟಿನ ರುಚಿಯೇ ಬೇರೆ ಅಂತಾರಲ್ಲ ಅಜ್ಜಿ, ನಿಜವಾ ಎಂದು ಕೇಳಿದೆ. ಅವರು ತಕ್ಷಣ ಉತ್ತರ ಕೊಡಲಿಲ್ಲ. ಅಂಗೈ ತಿರುಗಿಸಿ ನೋಡಿಕೊಂಡರು. ಗೂಟ ಹಿಡಿದ ಜಾಗದಲ್ಲಿ ಚರ್ಮ ಗಟ್ಟಿಯಾಗಿದ್ದುದು ಅಷ್ಟು ವರ್ಷಗಳಾದರೂ ಹೋಗಿರಲಿಲ್ಲ. ಆಮೇಲೆ ಹೇಳಿದರು: ‘ರುಚಿ ಇತ್ತು ಕಣಪ್ಪ. ಊರಿಗೆ ಹಿಟ್ಟಿನ ಮಿಷನ್ ಬಂತಲ್ಲ, ಅವತ್ತು ನಾನು ಬೆಳಕು ಹರಿಯೋಗಂಟ ಮಲಗಿದ್ದೆ. ಮದುವೆಯಾಗಿ ಬಂದಮೇಲೆ ಅದೇ ಮೊದಲು.’ ಹಳೆಯ ಕಾಲದ ಬಗ್ಗೆ ನಾನು ಓದಿದ ಎಷ್ಟೋ ಬರಹಗಳಿಗಿಂತ ಈ ಮಾತು ನನಗೆ ಹೆಚ್ಚು ತಿಳಿಸಿತು. ಆ ಮುದ್ದೆಯ ರುಚಿಯನ್ನು ಹೊಗಳಿದವರು ಉಂಡವರು. ಬೀಸಿದವರನ್ನು ಯಾರೂ ಕೇಳಿರಲಿಲ್ಲ.

ಊರೂರಿನ ಕಥೆಯೂ ಹೀಗೆಯೇ. ಹಳೆಯ ಬೆಂಗಳೂರು ಎಂದೊಡನೆ ಎಲ್ಲರಿಗೂ ಮಲ್ಲೇಶ್ವರ, ಬಸವನಗುಡಿ ನೆನಪಾಗುತ್ತವೆ. ಸಂಪಿಗೆ ಮರದ ಸಾಲು, ಜಗಲಿಯ ಮನೆಗಳು, ಸಂಜೆಯ ತಂಪು, ದೋಸೆಯ ಘಮ. ಆ ಬಡಾವಣೆಗಳು ತುಂಬಿಕೊಂಡದ್ದು ಹೇಗೆ? 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂತು. ಪೇಟೆಯ ಇಕ್ಕಟ್ಟು ಬೀದಿಗಳಲ್ಲಿ ಇಲಿ ಬಿತ್ತು, ಆಮೇಲೆ ಜನ ಬಿದ್ದರು. ಉಳಿದವರು ಗಾಳಿ ಬೆಳಕಿರುವ ಹೊಸ ಬಡಾವಣೆಗಳಿಗೆ ಹೊರಟರು. ಅಗಲ ರಸ್ತೆ, ಮನೆಮನೆಯ ನಡುವೆ ಅಂತರ, ಹಿಂದೆ ಓಣಿ, ನಾವು ಇಂದು ಚೆಂದವೆಂದು ಕಾಣುವ ಇವುಗಳ ಬೆಲೆ ಆ ಸಾವುಗಳ ನಂತರ ಊರಿಗೆ ತಿಳಿಯಿತು. ಪ್ಲೇಗಮ್ಮನಿಗೆ ಕಟ್ಟಿದ ಗುಡಿಗಳು ಹಲವೆಡೆ ಈಗಲೂ ಇವೆ. ಹಳ್ಳಿಗಳಲ್ಲಂತೂ ಈ ಕಾಟ ದಶಕಗಳ ಕಾಲ ನಿಲ್ಲಲಿಲ್ಲ. ಇಲಿ ಬಿತ್ತೆಂದರೆ ಊರಿಗೆ ಊರೇ ಹೊರಗೆ ಹೋಗಿ ಸೋಗೆ ಗುಡಿಸಲು ಹಾಕಿಕೊಳ್ಳಬೇಕಿತ್ತು. ಎಸ್. ಎಲ್. ಭೈರಪ್ಪನವರ ‘ಗೃಹಭಂಗ’ ಕಾದಂಬರಿ ಓದಿದವರು ಅದರ ನಂಜಮ್ಮನ ಮನೆಗೆ ಪ್ಲೇಗಿನಿಂದ ಆದದ್ದನ್ನು ಮರೆಯಲಾರರು. ಅದನ್ನು ಬರೆದವರು ಬಾಲ್ಯದಲ್ಲಿ ತಮ್ಮ ಮನೆಯಲ್ಲೇ ಪ್ಲೇಗಿನ ಸಾವು ಕಂಡವರು.

ಬರದ ಮಾತು ಎರಡೇ ವಾಕ್ಯದಲ್ಲಿ ಹೇಳುತ್ತೇನೆ, ಹೆಚ್ಚು ಹೇಳಲು ಮನಸ್ಸು ಬಾರದು. ಧಾತು, ಈಶ್ವರ ಸಂವತ್ಸರಗಳ ಬರಕ್ಕೆ ಮೊದಲು, 1871ರ ಜನಗಣತಿಯಲ್ಲಿ, ಮೈಸೂರು ಸಂಸ್ಥಾನದ ಜನ ಸುಮಾರು 50 ಲಕ್ಷ. 1881ರಲ್ಲಿ ಎಣಿಸಿದಾಗ ಸುಮಾರು 42 ಲಕ್ಷ.

ಹಳೆಯ ಮೆಟ್ಟಿಲುಬಾವಿಗಳ ವಿಷಯಕ್ಕೆ ಬರೋಣ, ಏಕೆಂದರೆ ಅವುಗಳ ಚೆಲುವು ನನ್ನನ್ನೂ ಹಿಡಿದು ನಿಲ್ಲಿಸುತ್ತದೆ. ಉತ್ತರ ಕರ್ನಾಟಕದ ಬಿರುಬಿಸಿಲಿನಲ್ಲಿ ನಡೆದು ಬಂದು ಅಂಥ ಬಾವಿಯೊಳಗೆ ನಾಲ್ಕು ಮೆಟ್ಟಿಲು ಇಳಿದರೆ ತಣ್ಣನೆಯ ಗಾಳಿ ಮುಖಕ್ಕೆ ಬಡಿಯುತ್ತದೆ. ಕಟ್ಟಿದವರಿಗೆ ಕೈಮುಗಿಯಬೇಕು ಎನಿಸುತ್ತದೆ. ಆದರೆ ಇಂಥ ಬಾವಿಗಳಲ್ಲೇ ನಾರುಹುಣ್ಣು ಹರಡುತ್ತಿತ್ತು. ಈ ಹೆಸರು ಇಂದಿನ ಮಕ್ಕಳಿಗೆ ಗೊತ್ತೇ ಇಲ್ಲ, ಗೊತ್ತಿಲ್ಲದಿರುವುದೇ ಒಂದು ಭಾಗ್ಯ. ನೀರಿನಲ್ಲಿರುವ ಕಣ್ಣಿಗೆ ಸರಿಯಾಗಿ ಕಾಣದಷ್ಟು ಸಣ್ಣ ಜೀವಿಗಳ ಒಳಗೆ ಹುಳದ ಮರಿ ಇರುತ್ತದೆ. ಆ ನೀರು ಕುಡಿದ ಒಂದು ವರ್ಷದ ಹೊತ್ತಿಗೆ ಕಾಲಿನಲ್ಲಿ ಬೊಕ್ಕೆ ಎದ್ದು, ಒಡೆದು, ಬಿಳಿ ದಾರದಂಥ ಹುಳ ತಲೆ ಹೊರಗಿಡುತ್ತದೆ. ಉದ್ದ ಸುಮಾರು ಒಂದು ಮೀಟರ್. ಎಳೆದರೆ ತುಂಡಾಗಿ ಒಳಗೇ ಕೀವಾಗುತ್ತದೆ. ಆದ್ದರಿಂದ ಒಂದು ಕಡ್ಡಿಗೆ ಸುತ್ತಿ, ದಿನಕ್ಕೆ ಒಂದೆರಡು ಅಂಗುಲ, ವಾರಗಟ್ಟಲೆ ಹೊರತೆಗೆಯಬೇಕು. ಸುಗ್ಗಿಯ ಹೊತ್ತಿನಲ್ಲಿ ರೈತ ಕಾಲು ಚಾಚಿ ಮಲಗಿಬಿಟ್ಟರೆ ಆ ವರ್ಷದ ಅನ್ನ ಹೋದಂತೆಯೇ. ಉರಿ ತಾಳದೆ ಹುಣ್ಣಿನ ಕಾಲನ್ನು ಅದೇ ಬಾವಿಯ ನೀರಿನಲ್ಲಿ ಇಟ್ಟರೆ ಹುಳ ಮರಿಗಳನ್ನು ನೀರಿಗೆ ಬಿಡುತ್ತದೆ, ಮತ್ತೆ ಮೊದಲಿನಿಂದ ಶುರು.

ಇದಕ್ಕೆ ಔಷಧಿಯೂ ಇರಲಿಲ್ಲ, ಲಸಿಕೆಯೂ ಇರಲಿಲ್ಲ. 1980ರ ದಶಕದಲ್ಲಿ ದೇಶವ್ಯಾಪಿ ಕೆಲಸ ಶುರುವಾದಾಗ ಆರೋಗ್ಯ ಕಾರ್ಯಕರ್ತರು ಊರೂರು ತಿರುಗಿ, ನೀರನ್ನು ಬಟ್ಟೆಯಲ್ಲಿ ಸೋಸಿ ಕುಡಿಯಿರಿ ಎಂದು ಕಲಿಸಿದರು. ಕೈಪಂಪು ಹಾಕಿಸಿದರು, ಮೆಟ್ಟಿಲಿಳಿದು ನೀರು ತರುವುದನ್ನು ತಪ್ಪಿಸಿದರು, ರೋಗಿಗಳನ್ನು ಮನೆಮನೆಗೆ ಹೋಗಿ ಹುಡುಕಿದರು. ದೇಶದ ಕೊನೆಯ ರೋಗಿ ಕಂಡದ್ದು 1996ರಲ್ಲಿ, ರಾಜಸ್ಥಾನದಲ್ಲಿ. 2000ದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತ ನಾರುಹುಣ್ಣಿನಿಂದ ಮುಕ್ತ ಎಂದು ಸಾರಿತು. ಸಿಡುಬು ಹೋದದ್ದನ್ನಾದರೂ ನಾವು ಪಾಠಪುಸ್ತಕದಲ್ಲಿ ಓದುತ್ತೇವೆ. ಇದು ಯಾವ ಸಂಭ್ರಮವೂ ಇಲ್ಲದೆ ಸದ್ದಿಲ್ಲದೆ ಹೋಯಿತು. ಹಳೆಯ ಬಾವಿಯ ಮೆಟ್ಟಿಲ ಮೇಲೆ ಕುಳಿತಾಗ ಕಟ್ಟಿದವರ ಜೊತೆಗೆ ಈ ಕಾರ್ಯಕರ್ತರನ್ನೂ ನೆನೆಯಬೇಕೆಂದು ನನ್ನ ಆಸೆ.

ಆ ಬಾವಿಯ ನೀರು ಎಲ್ಲರಿಗೂ ಸಿಗುತ್ತಿತ್ತೇ? ನಮ್ಮ ಊರುಗಳ ಹಿರಿಯರಿಗೆ ಇದರ ಉತ್ತರ ಗೊತ್ತು. ಊರೊಳಗಿನ ಬಾವಿ ಮುಟ್ಟುವಂತಿಲ್ಲದ ಜನ ದೂರದಲ್ಲಿ ಕೊಡ ಇಟ್ಟುಕೊಂಡು, ಯಾರಾದರೂ ಸೇದಿ ಹೊಯ್ಯಲಿ ಎಂದು ಕಾದು ನಿಲ್ಲುತ್ತಿದ್ದರು. ಹೋಟೆಲಿನಲ್ಲಿ ಅವರಿಗೆ ಬೇರೆ ಲೋಟ. ಅಪ್ಪ ಮಾಡಿದ ಸಾಲಕ್ಕೆ ಮಗ ಜೀತ. ಜೀತ ಪದ್ಧತಿಯನ್ನು ರದ್ದುಮಾಡುವ ಕಾಯಿದೆ ಬಂದದ್ದು 1976ರಲ್ಲಿ. ಉಳುವವನೇ ಹೊಲದೊಡೆಯ ಎಂಬ ಕೂಗಿಗೆ ದೇವರಾಜ ಅರಸರ ಕಾಲದಲ್ಲಿ, 1974ರಲ್ಲಿ, ಗಟ್ಟಿ ಕಾನೂನಿನ ಬಲ ಬಂತು. ಅದಕ್ಕೆ ಮೊದಲು ಕಾಗೋಡಿನ ಗೇಣಿದಾರರು 1951ರಲ್ಲಿ ಸತ್ಯಾಗ್ರಹ ಮಾಡಿ ಜೈಲು ಸೇರಬೇಕಾಯಿತು. ಗೇಣಿ ಅಳೆದು ಕೊಟ್ಟ ಮೇಲೆ ಮನೆಯಲ್ಲಿ ಏನು ಉಳಿಯುತ್ತಿತ್ತು ಎಂದು ಕಂಡವರು ‘ಆ ಕಾಲದಲ್ಲಿ ಕಣಜ ತುಂಬಿರುತ್ತಿತ್ತು’ ಎಂಬ ಮಾತು ಕೇಳಿದರೆ ಏನು ಹೇಳಿಯಾರು? ಕಣಜ ತುಂಬಿತ್ತು, ನಿಜ. ಯಾರದು ಎಂಬುದಷ್ಟೇ ಪ್ರಶ್ನೆ.

ಹೆಣ್ಣುಮಕ್ಕಳ ವಿಷಯದಲ್ಲಿ ಒಂದು ಕಾನೂನನ್ನು ಹೇಳಿದರೆ ಸಾಕು. ಬಾಲ್ಯವಿವಾಹ ತಡೆಯಲು ಮೈಸೂರು ಸಂಸ್ಥಾನ 1894ರಲ್ಲಿ ಒಂದು ನಿಬಂಧನೆ ತಂದಿತು. ಆ ದಿನಗಳಿಗೆ ಅದು ಧೈರ್ಯದ ಹೆಜ್ಜೆ, ವಿರೋಧವೂ ಬಂತು. ಅದು ತಡೆದದ್ದು ಎಂಟು ವರ್ಷ ತುಂಬದ ಹುಡುಗಿಯರ ಮದುವೆಯನ್ನು. ಎಂಟು ವರ್ಷ! ಐದು ವರ್ಷ ಕಳೆದು, 1899ರಲ್ಲಿ, ಗುಲ್ವಾಡಿ ವೆಂಕಟರಾಯರು ಬರೆದ ‘ಇಂದಿರಾಬಾಯಿ’ ಕನ್ನಡದ ಮೊದಲ ಸಾಮಾಜಿಕ ಕಾದಂಬರಿ ಎನಿಸಿಕೊಂಡಿತು. ಎಳೆಯ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡ ಹುಡುಗಿ ಓದು ಕಲಿತು ಮತ್ತೆ ಮದುವೆಯಾಗುವುದು ಅದರ ಕಥೆ. ನಮ್ಮ ಭಾಷೆಯ ಸಾಮಾಜಿಕ ಕಾದಂಬರಿ ತನ್ನ ಕಾಲವನ್ನು ಹೊಗಳುವುದಕ್ಕೆ ಹುಟ್ಟಲಿಲ್ಲ, ಅದರ ನೋವನ್ನು ಹೇಳುವುದಕ್ಕೆ ಹುಟ್ಟಿತು. 1951ರ ಜನಗಣತಿಯಲ್ಲಿ ಭಾರತದ 100 ಹೆಂಗಸರಲ್ಲಿ ಓದಲು ಬರೆಯಲು ಬಲ್ಲವರು 9 ಮಂದಿಯೂ ಇರಲಿಲ್ಲ. 2011ರಲ್ಲಿ ನಮ್ಮ ರಾಜ್ಯದಲ್ಲಿ ಅದು 68. ಹುಟ್ಟಿದ 1,000 ಕೂಸುಗಳಲ್ಲಿ 150ರಷ್ಟು ವರ್ಷ ತುಂಬುವ ಮೊದಲೇ ಕಣ್ಣು ಮುಚ್ಚುತ್ತಿದ್ದ ದೇಶ ಇದು; ಕರ್ನಾಟಕದಲ್ಲಿ ಈಗ ಆ ಸಂಖ್ಯೆ 20ಕ್ಕಿಂತ ಕೆಳಗಿದೆ. ಸ್ವಾತಂತ್ರ್ಯ ಬಂದಾಗ ಸರಾಸರಿ ಆಯುಷ್ಯ 32 ವರ್ಷ, ಇಂದು 70ರ ಹತ್ತಿರ. ಹಳೆಯ ಕಾಲದ ಕಥೆ ಹೇಳಲು ಇಂದು ಇಷ್ಟೊಂದು ಹಿರಿಯರು ನಮ್ಮ ನಡುವೆ ಇರುವುದು ಹೊಸ ಕಾಲದ ಕೊಡುಗೆ. ಸತ್ತುಹೋದ ಎಳೆಯ ಮಕ್ಕಳಿಗೆ, ಬಾಣಂತನದಲ್ಲಿ ಹೋದ ತಾಯಂದಿರಿಗೆ ನೆನಪು ಹೇಳಲು ಅವಕಾಶವೇ ಸಿಗಲಿಲ್ಲ. ಹಿಂದಿನ ಕಾಲದ ಬಗ್ಗೆ ನಾವು ಕೇಳುವುದೆಲ್ಲ ಉಳಿದುಕೊಂಡವರ ಬಾಯಿಂದ.

ಹಾಗಾದರೆ ಕಳೆದುಕೊಂಡದ್ದು ಏನೂ ಇಲ್ಲವೇ? ಇದೆ, ಬಹಳ ಇದೆ. ಅದನ್ನು ಗಟ್ಟಿಯಾಗಿ ಹೇಳುವುದಕ್ಕೇ ನಾನು ಇಷ್ಟೆಲ್ಲ ಪೀಠಿಕೆ ಹಾಕಿದ್ದು. ‘ಆ ಕಾಲವೇ ಚೆನ್ನ’ ಎಂದು ಒಟ್ಟಾರೆ ಹೇಳಿಬಿಟ್ಟರೆ ನಿಜವಾಗಿ ಕಳೆದುಕೊಂಡದ್ದರ ಮೇಲೆ ಯಾರ ಗಮನವೂ ಹೋಗುವುದಿಲ್ಲ. ಬೆಂಗಳೂರಿನ ಧರ್ಮಾಂಬುಧಿ ಕೆರೆಯ ಜಾಗದಲ್ಲಿ ಮೆಜೆಸ್ಟಿಕ್ ಬಸ್ ನಿಲ್ದಾಣ ಬಂತು, ಸಂಪಂಗಿ ಕೆರೆಯ ಅಂಗಳದಲ್ಲಿ ಕಂಠೀರವ ಕ್ರೀಡಾಂಗಣ. ಬಸವನಗುಡಿಯ ಬಳಿ ಹುಟ್ಟುವ ವೃಷಭಾವತಿ ಹೊಳೆಯಾಗಿ ಹರಿದದ್ದನ್ನು ಕಂಡವರು ಇದ್ದಾರೆ; ಇಂದು ಅದು ಕೊಳಚೆ ಕಾಲುವೆ. ನಂದಿ ಬೆಟ್ಟದ ಕಡೆಯಿಂದ ಬರುವ ಅರ್ಕಾವತಿ ಹೆಸರಘಟ್ಟಕ್ಕೂ ತಿಪ್ಪಗೊಂಡನಹಳ್ಳಿಗೂ ನೀರು ತಂದು ಬೆಂಗಳೂರಿಗೆ ದಶಕಗಳ ಕಾಲ ಕುಡಿಯಲು ಕೊಟ್ಟಿತು. ಆ ನದಿಯನ್ನು ನಾವೇ ಒಣಗಿಸಿದೆವು, ಉಳಿದದ್ದನ್ನು ಹೊಲಸು ಮಾಡಿದೆವು. ಕೋಲಾರದ ಕಡೆ ಒಂದರ ಕೋಡಿ ನೀರು ಇನ್ನೊಂದಕ್ಕೆ ಇಳಿಯುವಂತೆ ಕಟ್ಟಿದ ಕೆರೆಸಾಲುಗಳಿದ್ದವು. ತೂಬು ಎತ್ತಿ, ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ನಿಗಾ ಇಡಲು ನೀರುಗಂಟಿ ಇದ್ದ. ಬೇಸಿಗೆಯಲ್ಲಿ ರೈತರು ಕೆರೆಗೋಡು ಹೊಲಕ್ಕೆ ಹೊಡೆದುಕೊಂಡರೆ ಕೆರೆಯ ಹೂಳೂ ಹೋಗುತ್ತಿತ್ತು, ಹೊಲಕ್ಕೆ ಗೊಬ್ಬರವೂ ಆಗುತ್ತಿತ್ತು. ಈಗ ಅಲ್ಲಿ ಸಾವಿರ ಅಡಿ ದಾಟಿ ಕೊಳವೆಬಾವಿ ಕೊರೆಯುತ್ತಾರೆ, ಬಂದ ನೀರಿನಲ್ಲಿ ಫ್ಲೋರೈಡ್ ಇರುತ್ತದೆ. ಇದು ಯಾರ ಮನಸ್ಸಿನ ಭ್ರಮೆಯೂ ಅಲ್ಲ. ಅಳೆದು ತೋರಿಸಬಹುದಾದ ನಷ್ಟ, ಪಟ್ಟುಹಿಡಿದರೆ ಒಂದಿಷ್ಟಾದರೂ ತುಂಬಿಕೊಳ್ಳಬಹುದಾದ ನಷ್ಟ.

ಒಂಟಿತನವೂ ಹಾಗೆಯೇ. ಮಕ್ಕಳು ದೂರದ ಊರಿನಲ್ಲಿ, ದೂರದ ದೇಶದಲ್ಲಿ. ದೊಡ್ಡ ಮನೆಯಲ್ಲಿ ಇಬ್ಬರೇ ಮುದುಕರು, ಇಲ್ಲವೆ ಒಬ್ಬರೇ. ಕೂಡುಕುಟುಂಬದಲ್ಲಿ ಕಾಯಿಲೆ ಬಿದ್ದವರ ಪಕ್ಕದಲ್ಲಿ ಯಾರಾದರೂ ಒಬ್ಬರು ಇರುತ್ತಿದ್ದರು ಎಂದು ಅವರು ಹೇಳಿದರೆ ಅದನ್ನು ನಂಬಬೇಕು. ಆ ‘ಯಾರಾದರೂ ಒಬ್ಬರು’ ಎಷ್ಟೋ ಮನೆಗಳಲ್ಲಿ ತಲೆ ಬೋಳಿಸಿಕೊಂಡು ಮೂಲೆಯಲ್ಲಿ ಬದುಕು ಕಳೆದ ಸೋದರತ್ತೆಯಾಗಿದ್ದಳು ಎಂಬುದನ್ನೂ ಮರೆಯಬಾರದು. ಮುದುಕರ ಪಕ್ಕದಲ್ಲಿ ಇಂದು ಯಾರಿರಬೇಕು ಎಂಬುದಕ್ಕೆ ಉತ್ತರವನ್ನು ನಾವು ಹೊಸದಾಗಿಯೇ ಹುಡುಕಬೇಕು. ಅಂಥ ಸೋದರತ್ತೆಯನ್ನು ಮತ್ತೆ ತರುವುದು ಉತ್ತರವಾಗಲಾರದು.

ಹೊಸ ತಲೆಮಾರಿನ ಹೆಣ್ಣುಮಕ್ಕಳಿಗೆ ‘ನಿಮ್ಮ ಅಜ್ಜಿಯರು ಹೇಗೆ ಹೊಂದಿಕೊಂಡು ಹೋಗುತ್ತಿದ್ದರು ನೋಡಿ’ ಎಂದು ಬುದ್ಧಿ ಹೇಳುವುದನ್ನು ಕೇಳಿದಾಗ ನನಗೆ ನಿಜವಾಗಿ ನೋವಾಗುತ್ತದೆ. ಹಾಗೆ ಹೇಳುವವರು, ಆ ಅಜ್ಜಿಯರಿಗೆ ಬೇರೆ ದಾರಿ ಇತ್ತೇ ಎಂದು ಒಂದು ಗಳಿಗೆ ಯೋಚಿಸಲಿ.

ಕೇಳುಗರಲ್ಲಿ ನನ್ನದೊಂದು ವಿನಂತಿ. ಮನೆಯಲ್ಲಿ ಹಿರಿಯರಿದ್ದರೆ, ಅದರಲ್ಲೂ ಹಿರಿಯ ಹೆಂಗಸರಿದ್ದರೆ, ಆ ಕಾಲ ಚೆನ್ನಾಗಿತ್ತಾ ಎಂದು ಕೇಳಬೇಡಿ. ಆ ಪ್ರಶ್ನೆಗೆ ಬಾಯಿಪಾಠದ ಉತ್ತರವೇ ಬರುತ್ತದೆ. ಎಷ್ಟು ದೂರದಿಂದ ನೀರು ಹೊರುತ್ತಿದ್ದಿರಿ ಎಂದು ಕೇಳಿ. ಎಷ್ಟು ಮಕ್ಕಳನ್ನು ಹೆತ್ತಿರಿ, ಎಷ್ಟು ಉಳಿದವು ಎಂದು ಕೇಳಿ. ಆಷಾಢದಲ್ಲಿ ಕಾಳು ಮುಗಿದರೆ ಏನು ಉಣ್ಣುತ್ತಿದ್ದಿರಿ, ಮನೆಯಲ್ಲಿ ಕೊನೆಗೆ ಉಣ್ಣುತ್ತಿದ್ದವರು ಯಾರು, ನಿಮಗೆ ಓದಬೇಕೆನಿಸಿತ್ತೇ ಎಂದು ಕೇಳಿ. ಊರಿನ ಗಂಡಸರನ್ನು ಕೆರೆ ಕೋಡಿ ಬಿದ್ದದ್ದು ಕೊನೆಯ ಸಲ ಯಾವಾಗ, ತೂಬು ಎಲ್ಲಿತ್ತು, ಕಾಲುವೆ ಯಾರ ಹೊಲದ ಪಕ್ಕ ಹೋಗುತ್ತಿತ್ತು ಎಂದು ಕೇಳಿ. ಎಲ್ಲರ ಕೈಯಲ್ಲೂ ಈಗ ಮೊಬೈಲ್ ಇದೆ, ಹೇಳಿದ್ದನ್ನು ಹಾಗೆಯೇ ರೆಕಾರ್ಡು ಮಾಡಿಟ್ಟುಕೊಳ್ಳಿ. ಕೆರೆಯ ಪ್ರಶ್ನೆಯನ್ನು ತಡಮಾಡದೆ ಕೇಳಿ. ಒತ್ತುವರಿಯಾದ ರಾಜಕಾಲುವೆ ಎಲ್ಲಿ ಹರಿಯುತ್ತಿತ್ತು ಎಂದು ನಿಂತು ತೋರಿಸಬಲ್ಲವರು ಊರಿನಲ್ಲಿ ಇಬ್ಬರೋ ಮೂವರೋ ಉಳಿದಿರುತ್ತಾರೆ. ಕಾಲುವೆ ಬಿಡಿಸಿಕೊಳ್ಳಲು ಹೊರಟಾಗ ನಕ್ಷೆಯ ಜೊತೆಗೆ ಅವರ ಮಾತೂ ಬೇಕಾಗುತ್ತದೆ.